ಕೊಕ್ಕೆಗೆ ನೇತುಹಾಕಿದ ಕೀಲಿ

ಬೆಳಿಗ್ಗೆ ಏಳಕ್ಕೆ ಆಕೆ ಜೆಟ್ಟಿಗೆ ಬಂದಾಗ ಹಾಯಿದೋಣಿ ಕೆಸರಿನ ಮೇಲೆ ಕೂತಿತ್ತು. ಕ್ಯಾಬಿನ್ನಿನೊಳಗೆ ಮಂಚದ ಮಟ್ಟಕ್ಕೆ ನೀರು. ಹೊಸದಾಗಿ ಹೊಲಿಸಿದ ದಿಂಬುಗಳು ತೇಲುತ್ತಿದ್ದವು.

ಎಂಟು ಮೀಟರಿನ ಹಳೆಯ ದೋಣಿ. ನಿವೃತ್ತ ನರ್ಸ್ ಆದ ಆಕೆ ಎರಡು ವರ್ಷ ಹುಡುಕಿ, ಹನ್ನೊಂದು ದೋಣಿಗಳ ತಳ ಬಡಿದು ನೋಡಿ ಇದನ್ನು ಆರಿಸಿದ್ದಳು. ವೇಗ ಬೇಕಿರಲಿಲ್ಲ. ತಲೆ ಎತ್ತಿ ನಿಲ್ಲುವಷ್ಟು ಎತ್ತರ, ಕಾಲು ಚಾಚುವಷ್ಟು ಮಂಚ, ಒಬ್ಬಳೇ ಎಳೆಯಬಲ್ಲ ಹಾಯಿ ಇದ್ದರೆ ಸಾಕಿತ್ತು. ಸೋಮವಾರದಿಂದ ಮಗಳ ಮನೆ ಬಿಟ್ಟು ಇದರಲ್ಲೇ ಇರುವವಳಿದ್ದಳು.

ಬಂದರಿನ ಅಧಿಕಾರಿ ಪಂಪು ತರಿಸಿದ. ಒಳಗೆ ಕೈಯಾಡಿಸಿ ನೋಡಿ ಮುಖ ಸಿಂಡರಿಸಿದ. ಎಂಜಿನ್ನಿಗೆ ಸಮುದ್ರದ ನೀರೆಳೆಯುವ ವಾಲ್ವ್ ತೆರೆದಿತ್ತು. ಅದರ ಪಕ್ಕದಲ್ಲಿ ಆ ನೀರು ಸೋಸುವ ಡಬ್ಬಿಗೆ ಮುಚ್ಚಳವಿರಲಿಲ್ಲ; ಸಮುದ್ರ ಅಲ್ಲಿಂದಲೇ ಒಳಗೆ ನುಗ್ಗಿತ್ತು.

"ವಾಲ್ವ್ ಮುಚ್ಚೋದು ಮರೆತಿದೀರ. ಇದೇನು ಅಡುಗೆಮನೆ ನಲ್ಲಿ ಅಲ್ಲ ಅಮ್ಮ."

ಮುಚ್ಚಳದ ರಬ್ಬರ್ ಹರಿದಿತ್ತು, ಇವತ್ತು ಹೊಸದು ತರಬೇಕಿತ್ತು, ಅದಕ್ಕೇ ವಾಲ್ವ್ ಮುಚ್ಚಿದ್ದೆ ಎಂದಳು. ಅವನು ಕೇಳಲಿಲ್ಲ. ಅಜಾಗರೂಕತೆ ಎಂದು ವರದಿ ಬರೆದರೆ ಸಂಜೆಯೊಳಗೆ ಜೆಟ್ಟಿಯ ಜಾಗ ರದ್ದು ಎಂದ. ಆ ವರದಿ ಇದ್ದರೆ ಬೇರೆ ಯಾವ ಬಂದರೂ ಇವಳನ್ನು ಸೇರಿಸುವುದಿಲ್ಲ.

ಮಗಳು ಬಂದು ಭುಜ ಹಿಡಿದಳು. "ಹೋಗ್ಲಿ ಬಿಡಮ್ಮ. ಮೊನ್ನೆ ನೀನು ಕನ್ನಡಕ ಫ್ರಿಜ್ಜಲ್ಲಿ ಇಟ್ಟಿರ್ಲಿಲ್ವಾ?"

ನಿಜಕ್ಕೂ ಮರೆತೆನೇ? ಮೂವತ್ತೆರಡು ವರ್ಷ ಒಂದು ಡೋಸು ತಪ್ಪದ ಕೈ ಇದು.

*

ಕ್ಯಾಬಿನ್ ಬಾಗಿಲಿನ ಬೀಗ ಒಡೆದಿರಲಿಲ್ಲ. ಅದಕ್ಕೆ ಬೇರೆ ಕೀಲಿ ಇದ್ದದ್ದು ಎರಡೇ ಕಡೆ: ಮಗಳ ಮನೆಯಲ್ಲಿ, ಮತ್ತು ದೋಣಿ ಮಾರಿದ ಮುದುಕ ಕ್ಯಾಪ್ಟನ್ ಬಳಿ. ಅವನು ಹೋದ ವಾರ ಬಂದು, ಮಾರಿದ್ದು ತಪ್ಪಾಯಿತು, ವಾಪಸ್ ಕೊಡು ಎಂದು ಜಗಳ ಕಾದಿದ್ದ.

ಆಕೆ ಮೊದಲು ಅವನ ಮನೆಗೆ ಹೋದಳು. ಕ್ಯಾಪ್ಟನ್ ಅವಳನ್ನು ಒಳಗೆ ಕರೆಯಲಿಲ್ಲ. ಹೊಸಿಲಲ್ಲೇ ನಿಂತು ಉರಿದುಬಿದ್ದ.

"ನಂಗೆ ಬೇಕಿದ್ದಿದ್ದು ದೋಣಿ. ದೋಣಿಯ ಹೆಣ ಅಲ್ಲ."

ಬಾಗಿಲು ಹಾಕುವ ಮೊದಲು ಒಂದೇ ಮಾತು ಕೇಳಿದ. "ಎಂಜಿನ್ ಕೀಲಿ ಎಲ್ಲಿತ್ತು?"

ಆಕೆ ಅಲ್ಲೇ ನಿಂತಳು. ಅದನ್ನು ಕಲಿಸಿದವನೇ ಅವನು. ವಾಲ್ವ್ ಮುಚ್ಚಿದರೆ ಎಂಜಿನ್ ಕೀಲಿಯನ್ನು ಅದರ ಹಿಡಿಕೆಗೇ ನೇತುಹಾಕಬೇಕು. ಆಗ ಕೀಲಿಗೆ ಕೈ ಹಾಕಿದವರಿಗೆ ವಾಲ್ವ್ ನೆನಪಾಗುತ್ತದೆ. ನೀರಿಲ್ಲದೆ ಎಂಜಿನ್ ಸುಟ್ಟುಹೋಗುವುದು ತಪ್ಪುತ್ತದೆ.

*

ಮಧ್ಯಾಹ್ನದ ಹೊತ್ತಿಗೆ ನೀರು ಖಾಲಿಯಾಗಿತ್ತು. ಎಂಜಿನ್ ಕೀಲಿ ಕ್ಯಾಬಿನ್ ಬಾಗಿಲ ಒಳಬದಿ, ಬಲಗಡೆಯ ಕೊಕ್ಕೆಯಲ್ಲಿತ್ತು, ಅವಳ ಮಳೆಕೋಟಿನ ಮೇಲೆ. ಕೋಟಿಗೆಂದು ನಾಲ್ಕು ದಿನದ ಹಿಂದೆ ಅವಳೇ ಹೊಡೆದ ಕೊಕ್ಕೆ. ಅಲ್ಲಿ ಒಮ್ಮೆಯೂ ಅವಳು ಕೀಲಿ ಹಾಕಿರಲಿಲ್ಲ.

ಆಕೆ ಕೀಲಿಯನ್ನು ಮುಟ್ಟಲಿಲ್ಲ. ನಂತರ ಅಧಿಕಾರಿಯನ್ನೂ ಮಗಳನ್ನೂ ಒಳಗೆ ಕರೆದಳು.

"ನಿನ್ನೆ ವಾಲ್ವ್ ಮುಚ್ಚಿ ಎಂಜಿನ್ ಕೀಲಿ ಅದರ ಹಿಡಿಕೆಗೆ ಹಾಕಿದ್ದೆ. ತೆರೀಬೇಕಾದ್ರೆ ಹಿಡಿಕೆಯಿಂದ ಕೀಲಿ ತೆಗೀಬೇಕು. ನಾನು ತೆಗೆದಿದ್ರೆ ಎಂಜಿನ್ನಿಗೆ ಹಾಕ್ತಿದ್ದೆ. ಕ್ಯಾಪ್ಟನ್ನಿಗೆ ಈ ಕೊಕ್ಕೆ ಇರೋದೇ ಗೊತ್ತಿಲ್ಲ. ಡಬ್ಬಿ ಮುಚ್ಚಳ ತೆಗೆದಿಟ್ಟಿದೀನಿ ಅಂತ ನಿನ್ನೆ ಊಟಕ್ಕೆ ಕೂತಾಗ ಒಬ್ಬರಿಗೆ ಮಾತ್ರ ಹೇಳಿದ್ದೆ."

ಮಗಳು ಉಗುರು ನೋಡಿಕೊಂಡಳು.

"ನಮ್ಮನೇಲಿ ಕೀಲಿ ಎಲ್ಲಿ ಹಾಕ್ತೀವಿ?"

ಮಗಳ ಕಣ್ಣು ಕೊಕ್ಕೆಯತ್ತ ಹೋಯಿತು. ಬಾಗಿಲ ಒಳಬದಿ, ಬಲಗಡೆ. ಎತ್ತಿದ್ದನ್ನು ನೆಲಕ್ಕೆ ಬಿಸಾಡಬೇಡ, ಕೊಕ್ಕೆಗೆ ಹಾಕು ಎಂದು ಮಗಳ ಬಾಲ್ಯವಿಡೀ ಗದರಿದ್ದು ತಾನೇ. ದೋಣಿ ಮುಳುಗಿಸುವ ಗಡಿಬಿಡಿಯಲ್ಲೂ ಆ ಕೈ ಪಾಠ ಮರೆತಿರಲಿಲ್ಲ.

ಮಗಳು ತಲೆ ಎತ್ತಿದಾಗ ಕಣ್ಣಲ್ಲಿ ನೀರಿರಲಿಲ್ಲ. "ಎರಡು ಮಕ್ಕಳು, ನನ್ನ ಕೆಲಸ, ಮನೆ. ನೀನು ಸಮುದ್ರದ ಗಾಳಿ ಕುಡಿಯೋಕೆ ಹೋದ್ರೆ ಯಾರು ನೋಡ್ಕೋತಾರೆ? ಒಂದ್ಸಲ ಹೆದರಿದ್ರೆ ಮನೇಲಿ ಇರ್ತೀಯ ಅಂದ್ಕೊಂಡೆ."

"ಹೆದರಿಸಿದ್ದಲ್ಲ. ನನಗೇ ನನ್ನ ಮೇಲೆ ನಂಬಿಕೆ ಹೋಗೋ ಹಾಗೆ ಮಾಡಿದೆ."

ಅಧಿಕಾರಿ ವರದಿಯ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಪೊಲೀಸ್ ದೂರು ಕೊಡುತ್ತೀರಾ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಆಕೆ ಬೇಡವೆಂದಳು.

ತನ್ನ ಗೊಂಚಲಿನಿಂದ ಮಗಳ ಮನೆಯ ಕೀಲಿ ಬಿಡಿಸಿ ಅವಳ ಅಂಗೈಗಿಟ್ಟಳು.

"ಇದನ್ನೂ ಕೊಕ್ಕೆಗೆ ಹಾಕು."

ನಂತರ ಒದ್ದೆ ದಿಂಬುಗಳನ್ನು ಒಂದೊಂದಾಗಿ ಹಿಂಡತೊಡಗಿದಳು.