ಗುಂಡಿ ಕಾಣದ ಕೋಟು

ಮೊಳೆಯ ಮೇಲೆ ಪ್ಯಾಂಟು ಇತ್ತು. ಕೋಟು ಇರಲಿಲ್ಲ.

ಹೊಲಿಗೆ ಅಂಗಡಿಯ ಬೀಗ ತೆಗೆದು ಒಳಗೆ ಕಾಲಿಟ್ಟ ಚಿಕ್ಕಮಾಸ್ತರ ಹಾಗೇ ನಿಂತ. ಮೇಜಿನ ಕೆಳಗೆ ಬಗ್ಗಿ ನೋಡಿದ. ಇಸ್ತ್ರಿ ಹಲಗೆಯ ಹಿಂದೆ ಹುಡುಕಿದ. ಹೊಲಿಗೆ ಯಂತ್ರದ ಹೊದಿಕೆಯನ್ನೂ ಎತ್ತಿ ನೋಡಿದ—ಕೋಟೇನು ಇಲಿಮರಿಯೇ, ಅಡಗಿ ಕೂರಲು? ಅದೇ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಒಂದು ಗಂಟು ಕಟ್ಟಿ ಕಪಾಟಿನಲ್ಲಿ ಇಟ್ಟಿದ್ದರು. ಆ ಗಂಟೂ ಇರಲಿಲ್ಲ.

"ಅಣ್ಣಾ!" ಎಂದು ಕೂಗಿದ.

ಅಂಗಡಿಯ ಬೆನ್ನಿಗೇ ಅಣ್ಣನ ಮನೆ. ನಡುವಿನ ಬಾಗಿಲಿಗೆ ಮನೆಯ ಕಡೆಯಿಂದ ಚಿಲಕ. ಚಿಲಕ ಸರಿದ ಸದ್ದಾಯಿತು. ಅಣ್ಣ ಬಂದ, ಹಿಂದೆ ಅತ್ತಿಗೆ. ಅಣ್ಣ ಪ್ಯಾಂಟು ಮಾತ್ರ ಉಳಿದಿದ್ದ ಮೊಳೆಯನ್ನು ನೋಡಿದ. ಆಮೇಲೆ ತಮ್ಮನ ಕೈಯಲ್ಲಿದ್ದ ಬೀಗದ ಕೈಯನ್ನು ನೋಡಿದ.

"ಎಲ್ಲಿಟ್ಟೆ?"

"ನಾನೆಲ್ಲಿ ಇಡಲಿ ಅಣ್ಣಾ? ಈಗ ತಾನೇ ಬಾಗಿಲು ತೆಗೆದೆ."

"ಬೀಗ ಒಡೆದಿಲ್ಲ. ಕೀಲಿ ನಿನ್ನ ಹತ್ರ. ನಿನ್ನೆ ಸಂಜೆ ನನ್ನ ಕತ್ತರಿಗೆ ಕೈ ಚಾಚಿದವನೂ ನೀನೇ." ಅಣ್ಣ ಮೇಜು ಗುದ್ದಿದ. "ಒಡಹುಟ್ಟಿದವನು ಅಂತ ನಂಬಿದ್ದೆ. ಕಳ್ಳ!"

ಚಿಕ್ಕಮಾಸ್ತರನಿಗೆ ಐವತ್ತು ದಾಟಿತ್ತು. ತಲೆ ನರೆತರೂ ಬೀದಿಯವರ ಬಾಯಲ್ಲಿ ಅವನು ಚಿಕ್ಕವನೇ. ಅಣ್ಣ ಕತ್ತರಿಸುವುದು, ತಾನು ಯಂತ್ರ ತುಳಿಯುವುದು, ಅತ್ತಿಗೆ ಅಸ್ತರು ಕೂಡಿಸಿ ಗುಂಡಿ ಹಚ್ಚುವುದು—ಅಂಗಡಿ ನಡೆದದ್ದೇ ಹೀಗೆ. ಬೈಗುಳ ಬೇಕಾದಷ್ಟು ತಿಂದಿದ್ದ. ಇಂಥ ಮಾತು ಮಾತ್ರ ಎಂದೂ ಕೇಳಿರಲಿಲ್ಲ. ನಿನ್ನೆ ತಾನು ಹೇಳಿದ್ದಾದರೂ ಏನು? 'ಕಣ್ಣು ಮಂಜಾಗಿದೆ ಅಣ್ಣಾ, ಇನ್ನು ಮೇಲೆ ಕತ್ತರಿ ನನಗೆ ಕೊಡು' ಎಂದಷ್ಟೇ. ಅದು ಕಳ್ಳತನದ ಮುನ್ನುಡಿಯಾಗಿಬಿಟ್ಟಿತೇ?

ಅವನು ಅತ್ತಿಗೆಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.

ಅಷ್ಟರಲ್ಲಿ ಕೋಟು ಹೊಲಿಯಲು ಕೊಟ್ಟಿದ್ದ ಮದುಮಗ ಬಂದ. ಭಾನುವಾರ ಅವನ ಮದುವೆ. ಕೊನೆಯ ಸಲ ಹಾಕಿ ನೋಡಲು ಬಂದಿದ್ದ. ಸುದ್ದಿ ಕೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಬೇರೆ ಬಟ್ಟೆ ತಗೊಳ್ಳಿ ಅನ್ಬೇಡಿ. ಅದು ನಮ್ಮಪ್ಪ ತಂದಿಟ್ಟಿದ್ದು. ಹೊಲಿಸೋಕೆ ಮುಂಚೆ ಹೋಗ್ಬಿಟ್ರು. ಅಂಥ ಬಟ್ಟೆ ಈಗ ಯಾವ ಗಿರಣಿಯಲ್ಲೂ ನೇಯಲ್ಲ. ಪೊಲೀಸರಿಗೆ ಹೇಳ್ತೀನಿ."

"ಹೇಳಪ್ಪ," ಎಂದ ಅಣ್ಣ. "ಬೀದಿ ಕೊನೇಲಿ ನಶ್ಯದ ಸಾಹೇಬ್ರು ಇದ್ದಾರೆ. ಮೊದಲು ಅವರನ್ನ ಕರೀರಿ. ಕಳ್ಳ ಯಾರು ಅಂತ ಇವತ್ತೇ ಗೊತ್ತಾಗಲಿ!"

ನಶ್ಯದ ಸಾಹೇಬರು ನಿವೃತ್ತ ಪೊಲೀಸ್ ಅಧಿಕಾರಿ. ಹೆಂಡತಿಯನ್ನು ಕಳೆದುಕೊಂಡ ಮೇಲೆ ಅವರಿಗೆ ಉಳಿದದ್ದು ಎರಡೇ—ಬೆಳಗಿನ ಪ್ರಾರ್ಥನೆ ಮತ್ತು ನಶ್ಯದ ಡಬ್ಬಿ. ಅಣ್ಣನೇ ಹೊಲಿದುಕೊಟ್ಟ ಹಳೆಯ ಕಂದು ಕೋಟು ಹಾಕಿಕೊಂಡು ಬಂದರು. ಬೀಗ ನೋಡಿದರು. ಕಿಟಕಿಯ ಸರಳು ಅಲ್ಲಾಡಿಸಿದರು. ಮುಕ್ಕಾಲಿಯ ಮೇಲೆ ಕೂತು ಮದುಮಗನನ್ನು ಕೇಳಿದರು:

"ಹೋದ ಕೋಟು ಹೇಗಿತ್ತು ಹೇಳಪ್ಪ. ಒಂದೂ ಬಿಡಬೇಡ."

"ಕಡುನೀಲಿ. ಎದೆಗೆ ದೊಡ್ಡ ಗುಂಡಿ ಎರಡು. ತೋಳಿನ ತುದಿಗೆ ನಾಲ್ಕು ನಾಲ್ಕು ಚಿಕ್ಕವು. ಎಲ್ಲಾ ಕೊಂಬಿನ ಗುಂಡಿ, ನಾನೇ ಆರಿಸಿ ತಂದುಕೊಟ್ಟಿದ್ದು. ಕಾಲರಿನ ಮಡಿಕೆ ಮೂರು ಬೆರಳು ಅಗಲ. ಜೇಬು ಓರೆ. ಒಳಗೆ ಬೂದು ಅಸ್ತರು. ಬೆನ್ನಿಗೆ ಎರಡು ಸೀಳು."

"ಎರಡು ಯಾಕೆ?"

"ಒಂದೇ ಇದ್ರೆ, ಜೇಬಿಗೆ ಕೈ ಹಾಕಿದಾಗ ಕೋಟು ಹಿಂದೆ ಬಾಯಿ ಬಿಡುತ್ತಂತೆ. 'ಮದುಮಗ ಮುಂದೆ ಬಾಯಿ ಬಿಟ್ಟರೆ ಸಾಕು, ಹಿಂದೆ ಬೇಡ' ಅಂದ್ರು ದೊಡ್ಡ ಮಾಸ್ತರು." ಮದುಮಗನ ತುಟಿ ಅಷ್ಟರಲ್ಲೂ ಕೊಂಚ ಅರಳಿತು. "ಆದ್ರೂ ಒಂದಾ ಎರಡಾ ಅಂತ ಮೂರು ಸಲ ಕೇಳಿದ್ರು. ಕೊನೆಗೆ 'ತೋಳು ಇಷ್ಟು ಉದ್ದ ಸಾಕೇನಮ್ಮಾ?' ಅಂದ್ಬಿಟ್ರು. ನನ್ನ ಗೆಳೆಯರು ಬಿದ್ದು ಬಿದ್ದು ನಕ್ಕರು."

ಸಾಹೇಬರು ನಗಲಿಲ್ಲ. ಎದ್ದು ತಮ್ಮ ಕೋಟು ಬಿಚ್ಚಿ, ಎದೆ ಮೇಲಾಗಿ ಮೇಜಿನ ಮೇಲೆ ಹಾಸಿದರು.

"ಮಾಸ್ತರೇ, ಗುಂಡಿ ತೂರಿಸೋ ಕಾಜಾ ನೀವೇ ತಾನೇ ಹಾಕೋದು?"

"ಅದನ್ನ ಬೇರೆಯವರ ಕೈಗೆ ಕೊಡ್ತೀನಾ? ಉಳಿದ ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು. ಕಾಜಾ ಕತ್ತರಿಸಿದ್ರೆ ಕತ್ತರಿಸಿದ ಹಾಗೆ. ನಿನ್ನೆ ಹಾಕಿ, ಗುಂಡಿ ಹಚ್ಚು ಅಂತ ಇವಳಿಗೆ ಕೊಟ್ಟೆ."

"ಯಾವ ಎತ್ತರಕ್ಕೆ ಹಾಕಿದ್ರಿ? ಇದರ ಮೇಲೆ ಗುರುತು ಮಾಡಿ."

ಅಣ್ಣ ಸೀಮೆಸುಣ್ಣ ತೆಗೆದುಕೊಂಡ. ಕೈ ಒಂದಿಷ್ಟೂ ಅಳುಕಲಿಲ್ಲ. ಕಂದು ಕೋಟಿನ ಹಳೆಯ ಗುಂಡಿಗಳ ಪಕ್ಕದಲ್ಲೇ ಎರಡು ಬಿಳಿ ಗೆರೆ ಎಳೆದ. ಸಾಹೇಬರು "ಸರಿ" ಎಂದು ಕೋಟನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ಚಿಕ್ಕಮಾಸ್ತರ ಅತ್ತ ನೋಡಲೇ ಇಲ್ಲ. ಅವನ ಕಿವಿಯಲ್ಲಿ ಇನ್ನೂ ಆ ಒಂದು ಮಾತೇ ಗುಂಯ್‌ಗುಟ್ಟುತ್ತಿತ್ತು.

"ಏನಮ್ಮಾ, ಗುಂಡಿ ಹಚ್ಚಿದ್ರಾ?" ಸಾಹೇಬರು ಅತ್ತಿಗೆಯತ್ತ ತಿರುಗಿದರು.

"ಹಚ್ಚಿದೆ."

"ಎಲ್ಲಾ?"

"ಎಲ್ಲಾನೂ. ಹಚ್ಚಿ, ಮೊಳೆಗೆ ಹಾಕಿ, ನಡುಬಾಗಿಲಿನ ಚಿಲಕ ಹಾಕ್ಕೊಂಡೆ."

"ಆಮೇಲೆ ಅಂಗಡಿಗೆ ಬರಲಿಲ್ಲ?"

"ಇಲ್ಲ."

ಕೇಳುತ್ತ ಕೇಳುತ್ತ ಸಾಹೇಬರು ಕಿಟಕಿಯ ಬಳಿಯಿದ್ದ ಗುಂಡಿಯ ಡಬ್ಬಿಯಲ್ಲಿ ಬೆರಳಾಡಿಸುತ್ತಿದ್ದರು, ಪುಟ್ಟ ಮಕ್ಕಳು ಕಲ್ಲು ಆರಿಸುವ ಹಾಗೆ. ಏನೋ ಹಿಡಿದು ಮುಷ್ಟಿ ಮುಚ್ಚಿದರು. ಬಳಿಕ ಚಿಕ್ಕಮಾಸ್ತರನ ಮುಂದೆ ಬಂದು ನಿಂತರು.

"ಕೀಲಿ ರಾತ್ರಿಯೆಲ್ಲಾ ಎಲ್ಲಿತ್ತು?"

"ನನ್ನ ಜೇಬಲ್ಲಿ."

"ಬೇರೆ ಯಾರಿಗಾದ್ರೂ ಕೊಟ್ಟೆಯಾ?"

"ಇಲ್ಲ ಸಾಹೇಬ್ರೇ."

"ಹಾಗೆ ಹೇಳಿದ್ರೆ ತಪ್ಪು ನಿನ್ನ ತಲೆಗೇ ಬರುತ್ತೆ, ಗೊತ್ತಾ?"

"ಬರಲಿ. ಕೊಟ್ಟಿಲ್ಲದ್ದನ್ನ ಕೊಟ್ಟೆ ಅಂತ ಹೇಗೆ ಹೇಳಲಿ?"

"ಕದ್ದೆಯಾ?"

"ದೇವರಾಣೆ ಇಲ್ಲ. ಕೋಟಿನ ದುಡ್ಡು ನಾನು ಕಟ್ಟಿಕೊಡ್ತೀನಿ, ಅಂಗಡಿ ಬಿಟ್ಟು ಹೋಗು ಅಂದ್ರೂ ಹೋಗ್ತೀನಿ. ಅಣ್ಣ ಆ ಮಾತು ಹಿಂದಕ್ಕೆ ತಗೊಂಡ್ರೆ ಸಾಕು. ನನಗೆ ಬೇರೇನೂ ಬೇಡ."

"ತಗೊಳ್ಳಲ್ಲ!" ಅಣ್ಣ ಗುಡುಗಿದ. "ತುಂಡಿನ ಗಂಟು ಯಾಕೆ ಹೋಯ್ತು ಕೇಳಿ! ನಾನು ಮತ್ತೆ ಹೊಲಿಯಬಾರದು ಅಂತ ಹೊಟ್ಟೆಕಿಚ್ಚು! ಬೇಲೀನೇ ಎದ್ದು ಹೊಲ ಮೇಯ್ತು ಸಾಹೇಬ್ರೇ, ಬೇಲೀನೇ!"

ಸಾಹೇಬರು ಒಂದು ಚಿಟಿಕೆ ನಶ್ಯ ತೆಗೆದರು. ಏರಿಸಲಿಲ್ಲ, ಮತ್ತೆ ಡಬ್ಬಿಗೇ ಹಾಕಿದರು.

"ಗಂಟಿನ ಮಾತು ನೀವೇ ತೆಗೆದ್ರಿ, ಒಳ್ಳೇದಾಯ್ತು. ಕೋಟು ಕದಿಯೋನು ಪ್ಯಾಂಟು ಬಿಡಲ್ಲ. ಮಾರೋಕೆ ಕದಿಯೋನು ಚೂರುಪಾರು ಬಟ್ಟೆ ಹೊರಲ್ಲ. ಹಟಕ್ಕೆ ಕದಿಯೋನು ಕೋಟನ್ನ ಇಲ್ಲೇ ಹರಿದು ಹಾಕ್ತಿದ್ದ. ಹಾಗಾದ್ರೆ ಕೋಟೂ ಅದೇ ಬಟ್ಟೆಯ ತುಂಡೂ ಒಟ್ಟಿಗೆ ಯಾರಿಗೆ ಬೇಕು?—ರಿಪೇರಿ ಮಾಡೋರಿಗೆ. ಅಂದ್ರೆ ಹೋಗೋ ಮುಂಚೆಯೇ ಆ ಕೋಟು ಕೆಟ್ಟಿತ್ತು."

ಸಾಹೇಬರು ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಕೊಂಬಿನ ಗುಂಡಿ ಎರಡು. ದೊಡ್ಡವು.

"ಮದುಮಗ ತಂದುಕೊಟ್ಟವು ಇವೇ. ಚಿಕ್ಕವು ಒಂದೂ ಡಬ್ಬಿಯಲ್ಲಿಲ್ಲ; ತೋಳಿಗೆ ಹೋಗಿವೆ. ಎದೆಯವು ಇಲ್ಲೇ ಉಳಿದಿವೆ. ಎಲ್ಲಾ ಹಚ್ಚಿದೆ ಅಂದ್ರಿ ಅಮ್ಮಾ. ತೋಳು ಮುಗಿಸಿ ಎದೆಗೆ ಬಂದ ಸೂಜಿ ಯಾಕೆ ನಿಂತಿತು?"

ಅತ್ತಿಗೆ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು.

"ಅಲ್ಲಿ ಏನು ಕಂಡಿರಿ ಅನ್ನೋದನ್ನ ನಾನು ಊಹಿಸಬೇಕಾಗಿಲ್ಲ. ಮಾಸ್ತರೇ ಬರೆದುಕೊಟ್ಟಿದ್ದಾರೆ." ಸಾಹೇಬರು ಕಂದು ಕೋಟನ್ನು ಮತ್ತೆ ಮೇಜಿನ ಮೇಲೆ ಹರಡಿದರು. "ಚಿಕ್ಕಮಾಸ್ತರೇ, ನೀನು ಕಸುಬಿನವನು. ಈಗಲಾದ್ರೂ ಕಣ್ಣು ಬಿಟ್ಟು ನೋಡು."

ಚಿಕ್ಕಮಾಸ್ತರ ನೋಡಿದ. ಗಂಡಸಿನ ಕೋಟಿಗೆ ತೊಟ್ಟವನ ಬಲಕ್ಕೆ ಗುಂಡಿ, ಎಡಕ್ಕೆ ಕಾಜಾ; ಹೆಣ್ಣುಮಕ್ಕಳದಕ್ಕೆ ಇದರ ತಿರುಗುಮುರುಗು. ಕೆಲಸ ಕಲಿಯುವವನಿಗೆ ಮೊದಲ ದಿನ ಹೇಳಿಕೊಡುವ ಪಾಠ. ತನಗೆ ಹೇಳಿಕೊಟ್ಟವನು ಅಣ್ಣನೇ. ಸೀಮೆಸುಣ್ಣದ ಗೆರೆಗಳು ಬಲ ಅಂಚಿನಲ್ಲಿ ಹಳೆಯ ಗುಂಡಿಗಳ ಪಕ್ಕದಲ್ಲೇ ಕೂತಿದ್ದವು.

"ಹೆಣ್ಣುಮಕ್ಕಳ ಕೋಟು..." ಎಂದ.

ಅಣ್ಣನ ಮಗಳು ಪುಟ್ಟಿ. ಶಾಲೆಯಲ್ಲಿ ಕೆಲಸ ಸಿಕ್ಕಿದಾಗ 'ಅಪ್ಪಾ, ಊರಿಗೆಲ್ಲಾ ಹೊಲಿತೀಯ, ನನಗೊಂದು ಕೋಟು ಹೊಲಿ' ಎಂದು ಕೊರಳಿಗೆ ಜೋತುಬಿದ್ದಿದ್ದಳು. ಮದುವೆಗಳ ಕೆಲಸ ಮುಗಿಯಲಿ ಎಂದಿದ್ದ ಅಣ್ಣ. ಕೆಲಸ ಮುಗಿಯುವ ಮೊದಲೇ ಜ್ವರ ಬಂದು ಪುಟ್ಟಿಯನ್ನು ಕೊಂಡೊಯ್ದಿತು. ಅವಳ ಬೀರುವಿನ ಕೀಲಿ ಅಂದಿನಿಂದ ಅತ್ತಿಗೆಯ ಸೊಂಟದಲ್ಲಿತ್ತು.

"ಪುಟ್ಟಿಯ ಬೀರು ತೆಗೀರಿ ಅಮ್ಮಾ," ಎಂದರು ಸಾಹೇಬರು, ತೀರ ಮೆಲ್ಲಗೆ. "ಚಿಲಕ ಇರೋದು ಮನೆ ಕಡೆಗೆ. ಕೋಟನ್ನ ತಗೊಂಡು ಹೋದವರು ನೀವು. ಅದನ್ನ ಕೆಡಿಸಿದವರು ಯಾರು ಅಂತ ನಿಮಗೂ ಗೊತ್ತು. ಅವರಿಗೇ ಗೊತ್ತಿಲ್ಲ."

ಅತ್ತಿಗೆ ನೆಲಕ್ಕೆ ಕೂತಳು.

"ರಾತ್ರಿಯೆಲ್ಲಾ ಕೂತು ನೋಡಿದೆ ಸಾಹೇಬ್ರೇ. ಮುಂಭಾಗ ಹೊಸದಾಗಿ ಕತ್ತರಿಸೋಕೆ ತುಂಡು ಸಾಲಲಿಲ್ಲ. ಇವರು ಆಗಾಗ ಮರೀತಿದ್ರು. ಊಟ ಮಾಡಿ ಊಟ ಕೇಳ್ತಿದ್ರು. ಪುಟ್ಟಿಗೂ ತಟ್ಟೆ ಹಾಕು ಅಂತಿದ್ರು. ದುಃಖ, ತಿಳಿಯಾಗುತ್ತೆ ಅಂದ್ಕೊಂಡೆ. ಆದ್ರೆ ಕಾಜಾ! ಇವರ ಕಾಜಾ ತಪ್ಪಿದೆ ಅಂದ್ಮೇಲೆ ಇನ್ನೇನು ಉಳಿದಿದೆ?"

"ನನ್ನನ್ನ ಕಳ್ಳ ಅಂದಾಗ ಸುಮ್ಮನಿದ್ರಲ್ಲ ಅತ್ತಿಗೇ," ಎಂದ ಚಿಕ್ಕಮಾಸ್ತರ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೆ ಬೇಕಾದ ಬಲವೂ ಇರಲಿಲ್ಲ.

"ನಿನ್ನ ಕಾಲಿಗೆ ಬೀಳ್ತೀನಪ್ಪಾ. ನಿನ್ನ ಹತ್ರ ನಾಳೆ ಅತ್ತು ಕೇಳ್ಕೋಬಹುದು ಅಂದ್ಕೊಂಡೆ. ಇವರಿಗೆ ನಾಳೆ ಎಲ್ಲಿದೆ? ನಾನು ಬಾಯಿಬಿಟ್ಟಿದ್ರೆ ಇವರ ಕತ್ತರಿ ಕಿತ್ತುಕೊಂಡ ಹಾಗೆ. ಕತ್ತರಿ ಇಲ್ಲದೆ ಇವರು ಯಾರು?"

ಅವಳು ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ಕಡುನೀಲಿ ಕೋಟನ್ನು ಎರಡು ತೋಳಿನ ಮೇಲೆ ಮಲಗಿಸಿಕೊಂಡು ತಂದಳು. ಕಾಲರಿನ ಮಡಿಕೆ ಮೂರು ಬೆರಳು, ಬೆನ್ನಿಗೆ ಎರಡು ಸೀಳು, ಬೂದು ಅಸ್ತರು—ಮದುಮಗ ಕೇಳಿದ್ದೆಲ್ಲಾ ಇತ್ತು. ಬಲ ಅಂಚಿನಲ್ಲಿ ಎರಡು ಕಾಜಾ. ಅಷ್ಟು ನವಿರಾದ ಕೈಕೆಲಸವನ್ನು ಅಣ್ಣ ಹಿಂದೆಂದೂ ಮಾಡಿರಲಿಲ್ಲ.

ಮದುಮಗ ಅದನ್ನು ಮುಟ್ಟಿ ನೋಡಿದ. "ಅಪ್ಪನ ಬಟ್ಟೆ," ಎಂದ. ಮೆಟ್ಟಿಲಿಳಿದು ಹೋದ. ಮೊಳೆಯ ಮೇಲಿದ್ದ ಪ್ಯಾಂಟನ್ನೂ ಕೇಳಲಿಲ್ಲ.

ಅಣ್ಣ ಇಷ್ಟು ಹೊತ್ತೂ ಸೂಜಿಗೆ ನೂಲು ಪೋಣಿಸುತ್ತ ಕೂತಿದ್ದ. ತಲೆಯೆತ್ತಿದವನ ಮುಖ ಬೆಳಗಿತು.

"ಎಲ್ಲಿತ್ತು ಇದು? ಕೊಡು ಇಲ್ಲಿ." ಕೋಟನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಕಾಜಾ ಸವರಿದ. "ಸರಿಯಾಗಿದೆ. ಭುಜ ಒಂಚೂರು ಅಗಲ ಆಯ್ತು, ಅವಳು ಹಾಕಿ ನೋಡಿದ ಮೇಲೆ ಹಿಡಿಯೋಣ. ಗುಂಡಿ ಯಾಕೆ ಹಚ್ಚಿಲ್ಲ?"

ಸಾಹೇಬರು ಎರಡು ಗುಂಡಿಗಳನ್ನು ಮೇಜಿನ ಮೇಲೆ ಇಟ್ಟರು. ಕಣ್ಣು ಮುಚ್ಚಿ ತುಟಿಯೊಳಗೇ ಏನೋ ಬೇಡಿಕೊಂಡರು. ಎಷ್ಟೋ ಕಳ್ಳರನ್ನು ಹಿಡಿದ ಮನುಷ್ಯ; ಮರೆವೆಂಬ ಈ ಕಳ್ಳನ ಕೈಗೆ ಕೋಳ ಹಾಕುವುದು ಅವರಿಂದಾಗುವ ಕೆಲಸವಾಗಿರಲಿಲ್ಲ. ಸೀಮೆಸುಣ್ಣದ ಗೆರೆಗಳನ್ನು ಒರೆಸದೆಯೇ ಕಂದು ಕೋಟು ತೊಟ್ಟುಕೊಂಡು ಹೊರಟರು.

ಚಿಕ್ಕಮಾಸ್ತರ ಅಣ್ಣನ ಎದುರಿಗೆ ಬಂದು ಮಂಡಿಯೂರಿ ಕೂತ.

"ಅಣ್ಣಾ, ನಾನು ಕದ್ದಿರಲಿಲ್ಲ."

"ಏನನ್ನ?" ಎಂದ ಅಣ್ಣ. ಕಣ್ಣಲ್ಲಿ ಕಪಟವಿರಲಿಲ್ಲ. ಬೆಳಗಿನ ಸಿಟ್ಟೂ ಇರಲಿಲ್ಲ. ಕಳ್ಳ ಎಂದವನೇ ಆ ಕಣ್ಣಿನಲ್ಲಿ ಇರಲಿಲ್ಲ. ಆಡಿದವನೇ ಹೊರಟುಹೋದ ಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಯಾರು?

"ಏನಿಲ್ಲ ಅಣ್ಣಾ."

"ಸುಮ್ನೆ ಕೂತ್ಕೋಬೇಡ. ಬಾಗಿಲು ಪೂರ್ತಿ ತೆಗೆದಿಡು. ಶಾಲೆ ಬಿಡೋ ಹೊತ್ತಾಯ್ತು, ಪುಟ್ಟಿ ಬರ್ತಾಳೆ."

ಅತ್ತಿಗೆ ಗೋಡೆಯ ಕಡೆ ತಿರುಗಿದಳು. ಚಿಕ್ಕಮಾಸ್ತರ ಎದ್ದ. ಹೋಗಿ, ಅಂಗಡಿಯ ಎರಡು ಕದಗಳನ್ನೂ ಗೋಡೆಗೆ ತಾಗುವಷ್ಟು ತೆರೆದಿಟ್ಟ.