ಹಸಿರು ದಾರದ ಬೂಟು

ಮೇ 14, ಬೆಳಿಗ್ಗೆ 7.10. ರಬ್ಬರ್ ಚಪ್ಪಲಿ ಎಳೆದುಕೊಂಡು ಕಾಸ್ತ್ರೊಹೆರಿಸ್ ಠಾಣೆಗೆ ಬಂದ ಯಾತ್ರಿಕನೊಬ್ಬ ದೂರು ಕೊಟ್ಟ. ಹೆಸರು ಎವುತಿಮಿಯೊ, ವಯಸ್ಸು 63, ತ್ರುಹಿಯೊ ಊರಿನ ಬೇಕರಿಯವನು. ಸಂತನ ಸಮಾಧಿಯಿರುವ ಸಾಂತಿಯಾಗೊ ಕ್ಷೇತ್ರಕ್ಕೆ ನಡೆದು ಹೊರಟವನು. ರಾತ್ರಿ ಛತ್ರದ ಬಾಗಿಲ ಹಲಗೆಯ ಮೇಲೆ ಬಿಟ್ಟ ಬೂಟು ಬೆಳಿಗ್ಗೆ ಇರಲಿಲ್ಲವಂತೆ.

"ಯಾರ ಮೇಲಾದ್ರೂ ಅನುಮಾನ?" ಸಾರ್ಜೆಂಟ್ ಒಬ್ದುಲಿಯಾ ಕೇಳಿದಳು.

"ಅನುಮಾನ ಏನು ಬಂತು? ಛತ್ರದಲ್ಲಿ ಮಲಗಿದ್ನಲ್ಲ, ಆ ಅಲೆಮಾರಿ ಗುಮೆರ್, ಅವನು ತಗೊಂಡು ಹೋಗಿದ್ದನ್ನ ನೋಡ್ದೆ."

"ನೋಡಿ ಸುಮ್ನೆ ಮಲಗಿದ್ರಾ?"

"ನಿದ್ದೆಗಣ್ಣು, ಮೇಡಂ."

7.35ಕ್ಕೆ ಎಫ್‌ಐಆರ್ ಆಯಿತು. ಒಬ್ದುಲಿಯಾಗೆ ಚಡಪಡಿಕೆ. ಗುಮೆರ್‌ಗೆ ಮನೆಯಿಲ್ಲ; ಒಂಬತ್ತು ವರ್ಷದಿಂದ ಇದೇ ದಾರಿಯಲ್ಲಿ ಹೋಗುತ್ತಾನೆ, ಬರುತ್ತಾನೆ. ಒಂದು ಛತ್ರದಲ್ಲಿ ಒಂದೇ ರಾತ್ರಿ ಎಂಬ ನಿಯಮ ಅವನಿಗೂ ಇದೆ. ಕಳ್ಳನೆಂಬ ಮಾತು ಹಬ್ಬಿದರೆ ಸಂಜೆಯೊಳಗೆ ದಾರಿಯುದ್ದದ ಬಾಗಿಲುಗಳೆಲ್ಲ ಮುಚ್ಚುತ್ತವೆ. ಇತ್ತ ರಾತ್ರಿ ಛತ್ರದಲ್ಲಿ ತಂಗಿದ್ದ, ಸಾಕ್ಷಿಗಳಾಗಬೇಕಾದ ಮೂವತ್ತು ಮಂದಿಯೂ ಬೆಳಕು ಹರಿಯುವ ಮೊದಲೇ ಹೊರಟಾಗಿತ್ತು.

"ಲೇ ಮಕಾರಿಯೊ, ನಮ್ಮ ಸಾಕ್ಷಿಗಳಿಗೆ ಕಾಲಿದೆ ಕಣೋ. ಗುಡ್ಡ ಹತ್ತು."

"ನನಗೂ ಹೊಟ್ಟೆಯಿದೆ, ಮೇಡಂ," ಎನ್ನುತ್ತಲೇ ಪೇದೆ ಜೀಪು ಹತ್ತಿದ.

8.20ಕ್ಕೆ ಗುಮೆರ್ ಹೊಳೆಯ ಸೇತುವೆಯ ಬಳಿ ಒಬ್ದುಲಿಯಾಗೆ ಸಿಕ್ಕ. ಅವನ ಚೀಲ ಬಿಚ್ಚಿ ಪಂಚನಾಮೆ ಮಾಡಿದರು: ಒಂದು ಕಂಬಳಿ, ಅರ್ಧ ರೊಟ್ಟಿ, ಸಾಸೇಜಿನ ತುಂಡು. ಬೂಟಿಲ್ಲ.

"ಮಾರಿಬಿಟ್ಟಿಯೇನೋ?"

"ಕುರಿಗಳಿಗಾ, ತಾಯಿ? ಇಲ್ಲಿ ಬೇರೆ ಯಾರಿದ್ದಾರೆ?" ಎಂದು ನಕ್ಕ. ನಗು ಬೇಗ ಆರಿತು. "ಬರ್ಕೊಳ್ಳಿ. ಆದ್ರೆ ಮುಂದಿನ ಛತ್ರಕ್ಕೆ ಈಗಲೇ ಹೇಳ್ಬೇಡಿ. ಇವತ್ತು ಮಳೆ ಬರೋ ಹಾಗಿದೆ."

9.05ಕ್ಕೆ, ಜೀಪನ್ನು ಬುಡದಲ್ಲೇ ಬಿಟ್ಟು ಹತ್ತಿದ್ದ ಗುಡ್ಡದ ನೆತ್ತಿಯಿಂದ, ಮಕಾರಿಯೊ ಏದುಸಿರು ಬಿಡುತ್ತ ಫೋನ್ ಮಾಡಿದ. ಯಾತ್ರೆಗೆ ಬಂದ ನರ್ಸ್ ಒಬ್ಬಳು ಸಿಕ್ಕಿದ್ದಳು. ನಿನ್ನೆ ಸಂಜೆ ಎವುತಿಮಿಯೊನ ಕಾಲು ನೋಡಿದವಳು. ಅವನದು ಕಂದು ಬೂಟು, ಹಸಿರು ದಾರ. "ಇನ್ನು ನಡೀಬಾರದು ಅಂತ ಹೇಳಿಬಿಡಮ್ಮ ಅಂದನಂತೆ, ಮೇಡಂ. ಕಾಲಿಗೇನೂ ಆಗಿಲ್ಲ, ಸಾಂತಿಯಾಗೊವರೆಗೂ ಕುಣ್ಕೊಂಡು ಹೋಗಬಹುದು ಅಂದಳಂತೆ ಇವಳು."

ಒಬ್ದುಲಿಯಾ ನೇರ ಛತ್ರಕ್ಕೆ ಹೋದಳು. ಅದನ್ನು ನೋಡಿಕೊಳ್ಳುವ ಲೆಯೊಕಾದಿಯಾ ನೆಲ ಒರೆಸುತ್ತಿದ್ದಳು.

"ಬೂಟು ಹೋಯ್ತು ಅಂದಾಗ ಏನು ಮಾಡಿದ್ರಿ?"

"ಮಾಡೋದೇನು? ಪೆಟ್ಟಿಗೆ ತೋರಿಸ್ದೆ." ಹೊರೆಯಾದದ್ದನ್ನು ಬಿಟ್ಟುಹೋಗಲು, ಬೇಕಾದದ್ದನ್ನು ಕೊಂಡೊಯ್ಯಲು ಪ್ರತಿ ಛತ್ರದಲ್ಲೂ ಇರುವ ಪೆಟ್ಟಿಗೆ. "ನಾಲ್ಕೈದು ಜೊತೆ ಇದೆ, ಹಾಕಿ ನೋಡಣ್ಣ ಅಂದೆ. ಪುಣ್ಯಾತ್ಮ ಹತ್ತಿರಾನೂ ಬರಲಿಲ್ಲ."

ನಿಜಕ್ಕೂ ಬೂಟು ಕಳೆದುಕೊಂಡ ಯಾತ್ರಿಕ ಹೆಂಗಸರ ಬೂಟಿಗೂ ಕಾಲು ತೂರಿಸಿ ನೋಡುತ್ತಾನೆ. ಒಬ್ದುಲಿಯಾ ಪೆಟ್ಟಿಗೆಯನ್ನು ನೆಲಕ್ಕೆ ಬೋರಲು ಹಾಕಿದಳು. ಹಳೆಯ ಸ್ವೆಟರುಗಳ ಅಡಿಯಿಂದ ಕಂದು ಬೂಟು ಉರುಳಿತು. ಹಸಿರು ದಾರ. ಒಳಗೆ ಒದ್ದೆ ಆರಲೆಂದು ನೀಟಾಗಿ ತುರುಕಿದ ಪತ್ರಿಕೆ.

10.15, ಠಾಣೆ. ಬೂಟನ್ನು ಮೇಜಿನ ಮೇಲಿಟ್ಟಳು. ಎವುತಿಮಿಯೊ ಮುಖ ತಿರುಗಿಸಿದ.

"ಬಚ್ಚಿಡೋದಾದ್ರೆ ಹೊಳೆಗೆ ಎಸೀಬಹುದಿತ್ತು."

"ಒಳ್ಳೆ ಬೂಟು, ಮೇಡಂ. ಯಾರಿಗಾದ್ರೂ ಆಗಲಿ ಅಂತ..."

"ಯಾಕೆ ಮಾಡಿದ್ರಿ?"

ಬೂಟನ್ನು ಹತ್ತಿರ ಎಳೆದುಕೊಂಡು ಬಾಯಿಬಿಟ್ಟ. ಸಾಂತಿಯಾಗೊವರೆಗೆ ನಡೆಯುವ ಹರಕೆ ಹೊತ್ತವಳು ಹೆಂಡತಿ; ಅವಳು ತೀರಿಕೊಂಡ ಮೇಲೆ ಅದನ್ನು ಸಲ್ಲಿಸಲು ಇವನು ಹೊರಟಿದ್ದ. ಅವನನ್ನು ಕಳಿಸಲು ಊರಿಗೆ ಊರೇ ಬ್ಯಾಂಡು ಹೊಡೆಸಿಕೊಂಡು ಬಂದಿತ್ತು. "ಹನ್ನೆರಡು ದಿನ ನಡೆದೆ. ಒಂದು ದಿನಾನೂ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಅವಳ ಮುಖವೂ ನೆನಪಾಗಲ್ಲ, ಬರೀ ಬೇಕರಿ ಲೆಕ್ಕ. ಹಾಗಂತ ಊರಿಗೆ ಹೋಗಿ ಹೇಳೋಕಾಗುತ್ತಾ? ಬೂಟು ಕದ್ರು ಅಂದ್ರೆ ಯಾರೂ ಏನೂ ಕೇಳಲ್ಲ."

"ಗುಮೆರ್ ಹೆಸರು ಯಾಕೆ?"

"ಅವನಿಗೆ ಕಳ್ಕೊಳ್ಳೋಕೆ ಏನಿದೆ?"

"ಹಾಸಿಗೆ," ಎಂದಳು ಒಬ್ದುಲಿಯಾ. "ದಿನಕ್ಕೊಂದು."

11.00. ಸುಳ್ಳು ದೂರು ಕೊಟ್ಟು ನಿರಪರಾಧಿಯ ಮೇಲೆ ಆರೋಪ ಹೊರಿಸಿದ್ದಕ್ಕೆ ಎವುತಿಮಿಯೊನ ಬಂಧನವಾಯಿತು. ಮುಂದಿನ ಮೂರು ಛತ್ರಗಳಿಗೆ ಒಬ್ದುಲಿಯಾ ತಾನೇ ಫೋನ್ ಮಾಡಿ, ಗುಮೆರ್ ಮೇಲೆ ಏನೂ ಇಲ್ಲವೆಂದು ತಿಳಿಸಿದಳು. ಆಮೇಲೆ ಕಡತದಲ್ಲಿ ಅಪರಾಧದ ಕಾರಣ ಎಂದಿದ್ದ ಕಡೆ ಬರೆದಳು: "ಇನ್ನು ನಡೆಯಲಾರೆ ಎನ್ನಲು ನಾಚಿಕೆ."