ಬಿಡುಗಡೆಯ ಕಮಾಂಡ್

ಅವನು ರಾಜೀನಾಮೆ ಕೊಟ್ಟನೆಂಬ ಸುದ್ದಿ ಕಿವಿಗೆ ಬಿದ್ದಾಗ ಅವಳು ಕೈಲಿದ್ದ ಕೆಲಸ ಬಿಟ್ಟು ಇಬ್ಬರ ಕೋಡನ್ನೂ ತೆರೆದು ಕೂತಳು.

ಕಂಪ್ಯೂಟರ್ ಡಿಸ್ಕಿನೊಳಗಿನ ಪ್ರೋಗ್ರಾಂ ಬರೆಯುವವಳು ಅವಳು. ಯಾವ ಫೈಲ್ ಎಲ್ಲಿರಬೇಕೆಂದು ಡಿಸ್ಕಿಗೆ ಹೇಳುವ ಫೈಲ್ ಸಿಸ್ಟಂ ಬರೆಯುವವನು ಅವನು. ನಾವು ಫೈಲ್ ಅಳಿಸಿದರೂ ಡಿಸ್ಕಿಗೆ ಅದು ತಿಳಿಯದು. ಆ ಫೈಲ್ ಕೂತಿದ್ದ ಜಾಗಗಳನ್ನು, ಅಂದರೆ ಬೇಡದ ಬ್ಲಾಕುಗಳನ್ನೂ, ಜೋಪಾನ ಮಾಡುತ್ತ ಏದುಸಿರು ಬಿಡುತ್ತದೆ. ‘ಈ ಬ್ಲಾಕುಗಳು ಇನ್ನು ಬೇಡ’ ಎಂದು ಅದಕ್ಕೆ ಹೇಳುವ ಕಮಾಂಡ್ ರೂಪಿಸಲು ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದ್ದರು. ಮೊದಮೊದಲು ಎಣ್ಣೆ ಸೀಗೆಕಾಯಿ. ಅವಳು ರೇಗಿದಾಗಲೆಲ್ಲ ಅವನು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕಣ್ಣಲ್ಲೇ ನಗುತ್ತಿದ್ದ. ಬರಬರುತ್ತ ಆ ನಗು ನೋಡಲೆಂದೇ ಅವಳು ಸುಳ್ಳುಸುಳ್ಳೇ ರೇಗತೊಡಗಿದಳು.

ಮೊನ್ನೆ ಆ ಕಮಾಂಡಿನ ಪರೀಕ್ಷೆಯಲ್ಲಿ ಹೊಸದಾಗಿ ಬರೆದ ಫೈಲುಗಳೇ ಮಾಯವಾದವು. ತಪ್ಪು ತನ್ನದೆಂದು ಅವನು ಒಪ್ಪಿಕೊಂಡ. ಅವಳೂ ನಂಬಿ, ಇಷ್ಟೊಂದು ಬೇಜವಾಬ್ದಾರಿಯೇ ಎಂದು ಎಲ್ಲರೆದುರು ಅಂದುಬಿಟ್ಟಿದ್ದಳು.

ಇಂದು ತಾನೇ ಕೂತು ಹುಡುಕಿದಾಗ ನಿಜವಾದ ತಪ್ಪು ಸಿಕ್ಕಿತು. ಬ್ಲಾಕನ್ನು ಬಿಡು ಎಂದು ಅವನ ಕೋಡ್ ಮೊದಲು ಹೇಳಿತ್ತು, ಅಲ್ಲಿ ಹೊಸದನ್ನು ಬರೆ ಎಂದು ಆಮೇಲೆ. ಅವಳ ಪ್ರೋಗ್ರಾಂ ಮೊದಲಿನ ಮಾತನ್ನು ತಡವಾಗಿ ಪಾಲಿಸಿ, ಹೊಸದು ಬರೆದಾದ ಮೇಲೆ ಅದನ್ನೇ ಅಳಿಸಿಹಾಕಿತ್ತು.

ಲ್ಯಾಬಿಗೆ ಓಡಿದಳು. ಅವನು ಬ್ಯಾಗ್ ತುಂಬುತ್ತಿದ್ದ.

“ತಪ್ಪು ನನ್ನದು. ನಿಮಗೆ ಗೊತ್ತಿತ್ತಾ?”

“ಹ್ಞೂಂ.”

“ಮತ್ಯಾಕೆ ತಲೆ ಕೊಟ್ರಿ?”

“ನಿಮ್ಮಮ್ಮನ ಔಷಧಿ ಈ ಕೆಲಸದ ಮೇಲೇ ನಿಂತಿದೆ ಅಂದಿದ್ರಲ್ಲ.”

ಅವಳು ಬಾಗಿಲಿಗೆ ಅಡ್ಡ ನಿಂತಳು. “ನೀವು ಹೊರಟುಹೋದ್ರೆ ಇಲ್ಲಿ ಯಾರ ಮುಖ ನೋಡ್ಕೊಂಡು ಕೂತ್ಕೊಳ್ಲಿ? ನಿಮ್ಮ ಜೊತೆ ಜಗಳ ಆಡೋಕೇ ಅಲ್ವಾ ನಾನು ದಿನಾ ಎದ್ದು ಬರ್ತಿದ್ದಿದ್ದು?”

ಅವನ ಕೈ ಬ್ಯಾಗಿನ ಜಿಪ್ಪಿನ ಮೇಲೆಯೇ ನಿಂತಿತು. “ಇದನ್ನ ಮೊದಲೇ ಹೇಳಬಾರದಿತ್ತಾ?”

ಅವಳು ಮ್ಯಾನೇಜರ್ ಕೋಣೆಯತ್ತ ತಿರುಗಿದಳು. ಅವನು ಬೇಡವೆಂದು ಅಡ್ಡ ಬಂದ, ಕೈ ಹಿಡಿದ, ಅಂಗಲಾಚಿದ. ಹಿಡಿದ ಕೈಯನ್ನು ಬಿಡದೆ, ಅವನನ್ನೂ ಎಳೆದುಕೊಂಡೇ ಒಳಹೊಕ್ಕಳು.

ಕಮಾಂಡ್ ಉಳಿಯಿತು. ಅವನ ರಾಜೀನಾಮೆ ವಾಪಸಾಯಿತು. ಅವಳ ಕೆಲಸ ಹೋಯಿತು.

ಗೇಟಿನ ತನಕ ಅವಳ ಸಾಮಾನಿನ ಪೆಟ್ಟಿಗೆ ಹೊತ್ತು ಅವನು ಜೊತೆಗೆ ಬಂದ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಅಳು ಅಲ್ಲಿ ಒಡೆಯಿತು. ಅವನ ತೋಳಿಗೆ ಹಣೆಯೊತ್ತಿ, ಅಮ್ಮನಿಗೆ ಏನು ಹೇಳಲಿ ಎಂದು ಬಿಕ್ಕಿದಳು.

“ಕೆಲಸ ಹೋಯ್ತು ಅಂತ ನೀವು ಹೇಳಿ,” ಎಂದ ಅವನು. “ಉಳಿದಿದ್ದನ್ನ ನಾನು ಬಂದು ಹೇಳ್ತೀನಿ.”